ಸಕ್ಕರೆ ಕುಸಿಯುವ ಕಂದಮ್ಮಗಳು: ಯಂತ್ರವಿದೆ, ಪಟ್ಟಿಯಲ್ಲಿ ಹೆಸರಿಲ್ಲ

ಬೆಂಗಳೂರು: ‘ಸಕ್ಕರೆ ಕಾಯಿಲೆ’ ಎಂದೊಡನೆ ನಮ್ಮ ಜನರ ಕಣ್ಣ ಮುಂದೆ ಬರುವುದು ರಕ್ತದಲ್ಲಿ ಸಕ್ಕರೆ ಏರುವ ಮಧುಮೇಹ. ಅದಕ್ಕಾಗಿ ಊರೂರಿನಲ್ಲಿ ತಪಾಸಣಾ ಶಿಬಿರಗಳು ನಡೆಯುತ್ತವೆ, ಗೋಡೆಗಳ ಮೇಲೆ ಎಚ್ಚರಿಕೆಯ ಬರಹಗಳಿವೆ, ಸರಕಾರಿ ಕಾರ್ಯಕ್ರಮಗಳಿವೆ. ಆದರೆ ಅದೇ ಸಕ್ಕರೆ ಏರುವ ಬದಲಿಗೆ ಇಳಿಯುತ್ತಲೇ ಹೋಗುವ ಕಾಯಿಲೆಗಳೂ ಇವೆ. ಅವು ಹೆಚ್ಚಾಗಿ ಕಾಡುವುದು ಹಸುಗೂಸುಗಳನ್ನು ಮತ್ತು ಎಳೆಯ ಮಕ್ಕಳನ್ನು. ಈ ಮಕ್ಕಳಿಗೂ ಬೇಕಾದದ್ದು ಮಧುಮೇಹಿಗಳು ಬಳಸುವ ಅದೇ ಗ್ಲುಕೋಮೀಟರ್, ಅದೇ ಸ್ಟ್ರಿಪ್, ಅದೇ ಸೂಜಿ. ಆದರೆ ಆ ಸಲಕರಣೆಯನ್ನು ಉಚಿತವಾಗಿಯೋ ರಿಯಾಯಿತಿಯಲ್ಲಿಯೋ ಒದಗಿಸುವ ಯಾವ ಯೋಜನೆಯ ಅರ್ಜಿ ನಮೂನೆಯಲ್ಲೂ ಇವರ ಕಾಯಿಲೆಗೆ ಕಾಲಂ ಕಾಣಸಿಗುವುದು ಅಪರೂಪ.

ಇದೇನು ಸಣ್ಣ ವಿಷಯವಲ್ಲ. ಮಧುಮೇಹದಲ್ಲಿ ಸಕ್ಕರೆ ಏರಿದರೆ ಅದರ ಕೆಡುಕು ಬಹುತೇಕ ವರ್ಷಗಳ ಲೆಕ್ಕದಲ್ಲಿ ಆಗುತ್ತದೆ. ಸಕ್ಕರೆ ಇಳಿದರೆ ಕೆಡುಕು ಗಂಟೆಗಳಲ್ಲಿ, ಕೆಲವೊಮ್ಮೆ ಅದಕ್ಕೂ ಬೇಗ ಆಗಿಹೋಗುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಗ್ಲುಕೋಸ್ ಮುಖ್ಯ ಇಂಧನ. ಅದು ನಿಂತಾಗ ಮೊದಲು ಏಟು ಬೀಳುವುದು ಮಿದುಳಿನ ಹಿಂಭಾಗಕ್ಕೆ, ಅಂದರೆ ನೋಟವನ್ನು ಗ್ರಹಿಸುವ ಭಾಗಕ್ಕೆ. ನವಜಾತ ಶಿಶುವಿನಲ್ಲಿ ಸಕ್ಕರೆ ಇಳಿದು ಆಗುವ ಇಂಥ ಹಾನಿಯೇ ನಮ್ಮ ದೇಶದಲ್ಲಿ ಎಳೆಗೂಸುಗಳ ಮೂರ್ಛೆರೋಗದ ಪ್ರಮುಖ ಕಾರಣಗಳಲ್ಲಿ ಒಂದು ಎಂಬುದನ್ನು ಮಕ್ಕಳ ನರರೋಗ ತಜ್ಞರು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ.

ಎಷ್ಟು ಇಳಿದರೆ ಕಡಿಮೆ?

ಹುಟ್ಟಿದ ಮೊದಲ ಎರಡು ದಿನ ಆರೋಗ್ಯವಂತ ಮಗುವಿನ ರಕ್ತದಲ್ಲೂ ಸಕ್ಕರೆ ತುಸು ಕಡಿಮೆ ಇರುತ್ತದೆ. ತಾಯಿಯ ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿಯ ಮೂಲಕ ಎಡೆಬಿಡದೆ ಬರುತ್ತಿದ್ದ ಗ್ಲುಕೋಸ್ ನಿಂತು, ಮಗುವಿನ ಯಕೃತ್ತು ಆ ಕೆಲಸವನ್ನು ತಾನೇ ವಹಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಇದನ್ನೇ ಕಾಯಿಲೆ ಎನ್ನಲಾಗದು. ಆದರೆ ಎರಡು ದಿನ ಕಳೆದ ಮೇಲೂ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತಿದ್ದರೆ ಅದನ್ನು ‘ಎಲ್ಲ ಮಕ್ಕಳಿಗೂ ಹೀಗೇ’ ಎಂದು ಬಿಡುವಂತಿಲ್ಲ. ಅಮೆರಿಕದ ಮಕ್ಕಳ ಹಾರ್ಮೋನ್ ತಜ್ಞರ ಸಂಘ 2015ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಸಕ್ಕರೆ ಕುಸಿಯುವ ಕಾಯಿಲೆ ಇದೆಯೆಂದು ಖಚಿತವಾದ ಮಗುವಿನಲ್ಲಿ ಅದು ಪ್ರತಿ ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು. ಕಾರಣ ಪತ್ತೆಗೆ ಬೇಕಾದ ಮುಖ್ಯ ರಕ್ತಪರೀಕ್ಷೆಗಳನ್ನು ಮಾಡುವುದು ಅದು 50ಕ್ಕಿಂತ ಕೆಳಗಿದ್ದಾಗ. ಲಂಡನ್ನಿನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ನೆಲೆಸಿರುವ ನಮ್ಮವರು ಅಲ್ಲಿಯ ವರದಿಯಲ್ಲಿ 3.9 ಎಂಬ ಅಂಕಿ ಕಂಡು ಗಾಬರಿಯಾಗಬೇಕಿಲ್ಲ. ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮ್ಮ 70 ಬರುತ್ತದೆ.

ಲಕ್ಷಣಗಳ ವಿಷಯದಲ್ಲೂ ಮೋಸ ಹೋಗುವುದು ಸುಲಭ. ದೊಡ್ಡವರಾದರೆ ಕೈ ನಡುಗುತ್ತದೆ, ಬೆವರುತ್ತೇನೆ, ಹಸಿವು ಎನ್ನುತ್ತಾರೆ. ಹಸುಗೂಸು ಹೇಳುವುದೇನನ್ನು? ಹಾಲು ಕುಡಿಯಲು ಒಲ್ಲೆ ಎನ್ನುತ್ತದೆ, ಜೋಲು ಬೀಳುತ್ತದೆ, ಅಳುವಿನ ದನಿ ಬದಲಾಗುತ್ತದೆ, ಮೈ ತಣ್ಣಗಾಗುತ್ತದೆ, ಕೈಕಾಲು ಅದುರುತ್ತದೆ. ‘ದೃಷ್ಟಿ ತಾಕಿದೆ’ ಎಂದು ಇಳಿ ತೆಗೆಯುವ ಹೊತ್ತಿನಲ್ಲಿ ಫಿಟ್ಸ್ ಬಂದಿರುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಏನೊಂದೂ ಕಾಣುವುದಿಲ್ಲ. ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆ ಎಂದೇ ಮನೆಯವರು ತಿಳಿದಿರುತ್ತಾರೆ. ಆದ್ದರಿಂದಲೇ ಇಲ್ಲಿ ಅಳೆದು ನೋಡುವುದಕ್ಕೆ ಬೇರೆ ಪರ್ಯಾಯವಿಲ್ಲ.

ಇನ್ಸುಲಿನ್ ಅತಿಯಾದಾಗ

ಈ ಗುಂಪಿನ ಕಾಯಿಲೆಗಳಲ್ಲಿ ಅತ್ಯಂತ ಅಪಾಯಕಾರಿ ಎನಿಸಿರುವುದು ಹುಟ್ಟಿನಿಂದಲೇ ಇನ್ಸುಲಿನ್ ಅತಿಯಾಗಿ ಸ್ರವಿಸುವ ‘ಕಂಜೆನಿಟಲ್ ಹೈಪರ್‌ಇನ್ಸುಲಿನಿಸಂ’. ಅಮೆರಿಕದ ವೈದ್ಯ ಇರ್ವಿನ್ ಮೆಕ್ವಾರಿ 1954ರಲ್ಲಿ, ಕಾರಣ ತಿಳಿಯದೆ ಎಳೆಗೂಸುಗಳಲ್ಲಿ ಸಕ್ಕರೆ ಕುಸಿಯುವ ಪ್ರಕರಣಗಳನ್ನು ಒಟ್ಟುಗೂಡಿಸಿ ವರದಿ ಮಾಡಿದರು. ಅದರ ಮೂಲ ತಿಳಿಯಲು ನಾಲ್ಕು ದಶಕ ಬೇಕಾಯಿತು. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ ಪೊಟ್ಯಾಸಿಯಂ ಹರಿವನ್ನು ನಿಯಂತ್ರಿಸುವ ಒಂದು ಪುಟ್ಟ ಕದವಿದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಅದು ಮುಚ್ಚಿ, ಇನ್ಸುಲಿನ್ ಹೊರಬರುತ್ತದೆ; ಸಕ್ಕರೆ ಇಳಿದಾಗ ತೆರೆದುಕೊಂಡು ಇನ್ಸುಲಿನ್ ನಿಲ್ಲುತ್ತದೆ. ಎಬಿಸಿಸಿ8, ಕೆಸಿಎನ್‌ಜೆ11 ಎಂಬ ಜೀನ್‌ಗಳಲ್ಲಿ ದೋಷವಿದ್ದರೆ ಈ ಕದ ತೆರೆಯುವುದೇ ಇಲ್ಲ. ಮಗು ಉಪವಾಸವಿದ್ದರೂ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. 1990ರ ದಶಕದ ಮಧ್ಯದಲ್ಲಿ ಈ ಜೀನ್‌ಗಳು ಪತ್ತೆಯಾದವು.

ಇದರ ನಿಜವಾದ ಕ್ರೌರ್ಯ ಬೇರೆ ಕಡೆ ಇದೆ. ಸಾಮಾನ್ಯವಾಗಿ ಸಕ್ಕರೆ ಇಳಿದಾಗ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಬದಲಿ ಇಂಧನ ತಯಾರಿಸಿ ಮಿದುಳಿಗೆ ಒದಗಿಸುತ್ತದೆ. ಇನ್ಸುಲಿನ್ ಹೆಚ್ಚಿರುವಾಗ ಆ ದಾರಿಯೂ ಬಂದ್. ಒಂದೇ ಬಾವಿಯ ಊರಿನಲ್ಲಿ ಆ ಬಾವಿಯೂ ಬತ್ತಿದಂತೆ. ಈ ಕಾಯಿಲೆಯ ಮಕ್ಕಳಲ್ಲಿ ಕಾಲುಭಾಗದಿಂದ ಅರ್ಧದಷ್ಟು ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಬೆಳವಣಿಗೆಯ ತೊಂದರೆ ಉಳಿದುಬಿಡುತ್ತದೆ ಎಂದು ವಿವಿಧ ದೇಶಗಳ ಅಧ್ಯಯನಗಳು ಹೇಳುವುದಕ್ಕೆ ಇದೇ ಕಾರಣ.

ಸಾಮಾನ್ಯವಾಗಿ 25 ಸಾವಿರದಿಂದ 50 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ ಎಂಬುದು ಅಂದಾಜು. ಆದರೆ ರಕ್ತಸಂಬಂಧದಲ್ಲಿ ಮದುವೆಯಾಗುವ ಸಮುದಾಯಗಳಲ್ಲಿ ಅದು 2,500ಕ್ಕೆ ಒಂದರವರೆಗೂ ಹೋಗಬಹುದೆಂದು ಸೌದಿ ಅರೇಬಿಯಾದ ಅನುಭವ ತೋರಿಸಿದೆ. ಸೋದರಮಾವ, ಅತ್ತೆಯ ಮಗ, ಅಕ್ಕನ ಮಗಳು ಎಂದು ಸಂಬಂಧ ಬೆಳೆಸುವ ನಮ್ಮ ರಾಜ್ಯಕ್ಕೆ ಇದು ಅನ್ವಯಿಸದೆ ಇರಲಾರದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದಲ್ಲಿ ಸುಮಾರು ಕಾಲುಭಾಗದಷ್ಟು ಮದುವೆಗಳು ರಕ್ತಸಂಬಂಧದವು ಎಂದು ಕಂಡುಬಂದಿತ್ತು.

ಚಿಕಿತ್ಸೆ ಇಲ್ಲವೆಂದಲ್ಲ. 1964ರಿಂದ ಬಳಕೆಯಲ್ಲಿರುವ ಡಯಾಝಾಕ್ಸೈಡ್ ಮೊದಲ ಔಷಧಿ. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದ್ದರೂ ನಮ್ಮಲ್ಲಿ ಬಹುಕಾಲ ಸುಲಭವಾಗಿ ಸಿಗುತ್ತಿರಲಿಲ್ಲ. ಅದಕ್ಕೆ ಬಗ್ಗದ ಮಕ್ಕಳಿಗೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ದೋಷ ಗ್ರಂಥಿಯ ಒಂದೇ ಜಾಗದಲ್ಲಿದ್ದರೆ ವಿಶೇಷ ಪೆಟ್ ಸ್ಕ್ಯಾನಿನಿಂದ ಆ ಜಾಗವನ್ನು ಗುರುತಿಸಿ ಅಷ್ಟನ್ನೇ ಕತ್ತರಿಸಿ ಮಗುವನ್ನು ಪೂರ್ತಿ ಗುಣಪಡಿಸಬಹುದು. ಗ್ರಂಥಿಯ ತುಂಬ ಹರಡಿದ್ದರೆ ಬಹುಪಾಲು ಗ್ರಂಥಿಯನ್ನೇ ತೆಗೆಯಬೇಕಾಗುತ್ತದೆ. ಅಂಥ ಮಗು ಮುಂದೆ ಮಧುಮೇಹಿಯಾಗುವ ಸಾಧ್ಯತೆ ಹೆಚ್ಚು. ವಿಪರ್ಯಾಸವೆಂದರೆ ಅಂದಿನಿಂದ ಅದಕ್ಕೆ ಸ್ಟ್ರಿಪ್ ಕೊಡುವ ಯೋಜನೆಗಳ ಬಾಗಿಲು ತೆರೆಯಬಹುದು.

ಜೋಳದ ಹಿಟ್ಟಲ್ಲ, ಪಿಷ್ಟ

ಎರಡನೆಯ ಗುಂಪು ಗ್ಲೈಕೋಜನ್ ಶೇಖರಣೆಯ ಕಾಯಿಲೆಗಳದು. ಉಂಡ ಅನ್ನದ ಸಕ್ಕರೆಯನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ಹಸಿದಾಗ ಬಿಡುಗಡೆ ಮಾಡುತ್ತದೆ. ಜರ್ಮನಿಯ ಎಡ್ಗರ್ ಫಾನ್ ಗಿಯರ್ಕೆ 1929ರಲ್ಲಿ ವಿವರಿಸಿದ ಒಂದನೇ ವಿಧದ ಕಾಯಿಲೆಯಲ್ಲಿ, ಕೂಡಿಡಲು ಬರುತ್ತದೆ, ಬಿಡುಗಡೆ ಮಾಡಲು ಬರುವುದಿಲ್ಲ. ಮಗುವಿನ ಹೊಟ್ಟೆ ಯಕೃತ್ತು ಊದಿ ದಪ್ಪಗಾಗುತ್ತದೆ, ಕೆನ್ನೆ ಗುಂಡಗೆ ತುಂಬಿಕೊಳ್ಳುತ್ತದೆ. ನೋಡಿದವರು ಪುಷ್ಟಿಯಾಗಿದೆ ಎನ್ನುತ್ತಾರೆ. ಆದರೆ ಊಟವಾಗಿ ಮೂರು ನಾಲ್ಕು ತಾಸು ಕಳೆಯುತ್ತಲೇ ಸಕ್ಕರೆ ನೆಲ ಕಚ್ಚುತ್ತದೆ.

ಇದಕ್ಕೆ ಸಿಕ್ಕ ಮದ್ದು ಅಡುಗೆಮನೆಯದು. ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ ಕುಡಿಸಿದರೆ ಅದು ಕರುಳಿನಲ್ಲಿ ನಿಧಾನವಾಗಿ ಕರಗಿ ತಾಸುಗಟ್ಟಲೆ ಸಕ್ಕರೆ ಒದಗಿಸುತ್ತದೆ ಎಂಬುದನ್ನು ಅಮೆರಿಕದ ವೈದ್ಯರು 1984ರಲ್ಲಿ ಪ್ರಕಟಿಸಿದರು. ಇಂದಿಗೂ ಅದೇ ಮುಖ್ಯ ಚಿಕಿತ್ಸೆ. ಹಗಲಿರುಳು ಮೂರರಿಂದ ಐದು ತಾಸಿಗೊಮ್ಮೆ, ಗಡಿಯಾರ ನೋಡಿಕೊಂಡು, ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬೇಕು. ನಡುರಾತ್ರಿ ಅಲಾರಾಂ ಕೇಳಿಸದೆ ತಾಯಿ ನಿದ್ದೆ ಹೋದರೆ ಬೆಳಗ್ಗೆ ಮಗು ಏಳದೆಯೂ ಇರಬಹುದು.

ಇಲ್ಲಿ ನಮ್ಮ ನಾಡಿಗೆ ಒಂದು ಎಚ್ಚರಿಕೆ ಅಗತ್ಯ. ವೈದ್ಯರು ‘ಕಾರ್ನ್’ ಎಂದದ್ದು ಮನೆಗೆ ಬರುವಷ್ಟರಲ್ಲಿ ಜೋಳವಾಗುತ್ತದೆ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ ರೊಟ್ಟಿ ತಟ್ಟುವ ಹಿಟ್ಟು ಕೊಡುತ್ತಾರೆ. ಗೋವಿನಜೋಳವನ್ನು ಗಿರಣಿಯಲ್ಲಿ ಬೀಸಿದರೂ ಅದು ಪಿಷ್ಟವಾಗದು. ಬೇಕಾದದ್ದು ಬೇಕರಿ ಸಾಮಾನಿನ ಜೊತೆ ಸಿಗುವ ನುಣುಪಾದ ಬಿಳಿ ಪುಡಿ. ಗಂಜಿ ಕಾಯಿಸಿದರೆ ಅದರ ಗುಣ ಹೋಯಿತು. ಇನ್ನೊಂದು ಮಾತು: ಒಂದನೇ ವಿಧದ ಕಾಯಿಲೆಯ ಮಕ್ಕಳಿಗೆ ಹಾಲು, ಹಣ್ಣು, ಬೆಲ್ಲಗಳನ್ನು ಮಿತಿಗೊಳಿಸಿರುತ್ತಾರೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲನ್ನು ಶಾಲೆಯಲ್ಲಿ ಒತ್ತಾಯ ಮಾಡಿ ಕುಡಿಸುವ ಶಿಕ್ಷಕರಿಗೆ ಇದು ತಿಳಿದಿರುವುದು ಒಳ್ಳೆಯದು.

ಪಿಷ್ಟದ ಪ್ರಮಾಣ ಸರಿಯಾಗಿದೆಯೇ, ಎಷ್ಟು ತಾಸು ತಡೆಯುತ್ತದೆ ಎಂಬುದನ್ನು ಹೇಳಬಲ್ಲದ್ದು ಸಕ್ಕರೆಯ ಅಳತೆಯೊಂದೇ. ಮಗು ಬೆಳೆದಂತೆ ಪ್ರಮಾಣ ಬದಲಾಗುತ್ತದೆ, ಜ್ವರ ಬಂದರೆ ಬದಲಾಗುತ್ತದೆ. ಸ್ಟ್ರಿಪ್ ಇಲ್ಲದ ಮನೆಯಲ್ಲಿ ಇದೆಲ್ಲ ಊಹೆಯ ಮೇಲೆ ನಡೆಯುತ್ತದೆ.

ಇವೆರಡರ ಹೊರತಾಗಿ ಪಿಟ್ಯುಟರಿ ಮತ್ತು ಅಡ್ರಿನಲ್ ಗ್ರಂಥಿಗಳ ಕೊರತೆ, ಕೊಬ್ಬಿನಾಮ್ಲಗಳನ್ನು ಉರಿಸಲಾಗದ ದೋಷ, ಹಣ್ಣಿನ ಸಕ್ಕರೆ ಒಗ್ಗದ ಕಾಯಿಲೆಗಳೂ ಇವೆ. ಒಂದೂವರೆ ವರ್ಷದಿಂದ ಐದು ವರ್ಷದ ಒಳಗಿನ ತೆಳ್ಳಗಿನ ಮಕ್ಕಳಲ್ಲಿ ರಾತ್ರಿ ಊಟ ತಪ್ಪಿದಾಗ, ವಾಂತಿಭೇದಿ ಆದಾಗ ಬೆಳಗಿನ ಜಾವ ಸಕ್ಕರೆ ಕುಸಿಯುವುದು ಸಾಮಾನ್ಯ ಬಗೆ. ದೊಡ್ಡವರಾದಂತೆ ಅದು ಬಹುತೇಕ ತಾನಾಗಿ ಹೋಗುತ್ತದೆ. ಅವರಿಗೆ ನಿತ್ಯ ಚುಚ್ಚುವ ಅಗತ್ಯವಿಲ್ಲ, ಹುಷಾರಿಲ್ಲದ ದಿನ ನೋಡಿದರೆ ಸಾಕು. ಕೊಬ್ಬಿನಾಮ್ಲದ ದೋಷದಲ್ಲಿ ಮಾತ್ರ ಗ್ಲುಕೋಮೀಟರನ್ನು ಪೂರ್ತಿ ನಂಬಬಾರದು. ಅಲ್ಲಿ ಸಕ್ಕರೆ ಇಳಿಯುವುದು ಕೊನೆಯ ಹಂತ. ಮೀಟರು ಸರಿಯಾದ ಅಂಕಿ ತೋರಿಸುತ್ತಿದ್ದರೂ ಮಗು ಮಂಕಾಗಿದ್ದರೆ ಆಸ್ಪತ್ರೆಗೆ ಒಯ್ಯಲೇಬೇಕು.

ಯಂತ್ರಗಳ ಕಥೆ

ಒಂದು ಹನಿ ರಕ್ತದಿಂದ ಸಕ್ಕರೆ ಅಳೆಯುವ ಬಣ್ಣದ ಪಟ್ಟಿ ಬಂದದ್ದು 1960ರ ದಶಕದಲ್ಲಿ. ಅದನ್ನು ಓದುವ ಮೊದಲ ಮೀಟರು 1970ರ ಹೊತ್ತಿಗೆ ಅಮೆರಿಕದ ಏಮ್ಸ್ ಕಂಪೆನಿಯಿಂದ ಬಂತು. ಚರ್ಮದಡಿಯ ದ್ರವದಲ್ಲಿ ಎಡೆಬಿಡದೆ ಅಳೆಯುವ ಸೆನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ. ಇವೆಲ್ಲವೂ ತಯಾರಾದದ್ದು ಮಧುಮೇಹಿಗಳಿಗಾಗಿ, ಅಂದರೆ ಏರಿದ ಸಕ್ಕರೆಯನ್ನು ಗಮನದಲ್ಲಿಟ್ಟುಕೊಂಡು. ಸಮಸ್ಯೆ ಆರಂಭವಾಗುವುದೇ ಇಲ್ಲಿ.

ಗ್ಲುಕೋಮೀಟರಿನ ಅಂತಾರಾಷ್ಟ್ರೀಯ ಗುಣಮಟ್ಟ ಐಎಸ್‌ಒ 15197ರ 2013ರ ಆವೃತ್ತಿಯ ಪ್ರಕಾರ, ಸಕ್ಕರೆ 100ಕ್ಕಿಂತ ಕೆಳಗಿರುವಾಗ ನೂರಕ್ಕೆ 95 ಅಳತೆಗಳು ನಿಜವಾದ ಅಂಕಿಗಿಂತ 15 ಮಿಲಿಗ್ರಾಂ ಹೆಚ್ಚು ಅಥವಾ ಕಡಿಮೆ ತೋರಿಸಿದರೂ ತೇರ್ಗಡೆ. ಸಕ್ಕರೆ 90 ಇದ್ದವನಿಗೆ 75 ಎಂದೋ 105 ಎಂದೋ ತೋರಿಸಿದರೆ ಏನೂ ಆಗದು. ಆದರೆ 55 ಇರುವ ಮಗುವಿಗೆ ಅದೇ ಯಂತ್ರ 70 ಎಂದು ತೋರಿಸಿದರೂ ಅದು ಗುಣಮಟ್ಟದ ಯಂತ್ರವೇ! ಹಾಗಾಗಿ ಮನೆಯ ಮೀಟರಿನಲ್ಲಿ 70ರ ಆಸುಪಾಸಿನ ಅಂಕಿ ಬಂದರೆ ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು; ಆಸ್ಪತ್ರೆಯಲ್ಲಾದರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು. ನವಜಾತ ಶಿಶುವಿನ ರಕ್ತ ಗಟ್ಟಿಯಾಗಿರುವುದರಿಂದ ಕೆಲವು ಮೀಟರುಗಳ ಅಂಕಿ ಇನ್ನಷ್ಟು ಹೆಚ್ಚುಕಮ್ಮಿಯಾಗುತ್ತದೆ.

ತೋಳಿಗೆ ಅಂಟಿಸುವ ಸೆನ್ಸರ್ (ಸಿಜಿಎಂ) ಬಂದಾಗ ಪೋಷಕರಿಗೆ ದೊಡ್ಡ ಸಮಾಧಾನವಾದದ್ದು ನಿಜ. ದಿನಕ್ಕೆ ಎಂಟು ಹತ್ತು ಬಾರಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳುಗಳಿಗೆ ಬಿಡುವು ಸಿಗುತ್ತದೆ. ಮೀಟರು ಒಂದು ಕ್ಷಣದ ಚಿತ್ರ ತೋರಿಸಿದರೆ, ಇದು ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ದಿಕ್ಕನ್ನೂ ತೋರಿಸುತ್ತದೆ. ಎಚ್ಚರಿಕೆ ಗಂಟೆ ಇರುವ ಮಾದರಿಯಾದರೆ ರಾತ್ರಿ ಸಕ್ಕರೆ ಇಳಿಯುವಾಗ ಮನೆಯವರನ್ನು ಎಬ್ಬಿಸುತ್ತದೆ. ಆದರೆ ಇದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಐದು ಹತ್ತು ನಿಮಿಷ ಹಿಂದೆ ಬೀಳುತ್ತದೆ. ಮಗು ಸೆನ್ಸರ್ ಇರುವ ಮಗ್ಗುಲಿಗೆ ಮಲಗಿದರೆ ಒತ್ತಡಕ್ಕೆ ಸುಳ್ಳು ಕುಸಿತ ತೋರಿಸುತ್ತದೆ. ಕಡಿಮೆ ಸಕ್ಕರೆಯ ಮಟ್ಟದಲ್ಲಿ ಇದರ ನಿಖರತೆ ಇನ್ನೂ ಕಡಿಮೆ. ಹುಟ್ಟಿನಿಂದ ಇನ್ಸುಲಿನ್ ಅತಿಯಾದ ಮಕ್ಕಳಲ್ಲಿ ಬಳಸಿ ನೋಡಿದ ತಜ್ಞರು, ಇದನ್ನು ಬೆರಳಿನ ಪರೀಕ್ಷೆಯ ಜೊತೆಗೆ ಬಳಸಬೇಕೇ ಹೊರತು ಅದರ ಬದಲಿಗೆ ಅಲ್ಲ ಎನ್ನುತ್ತಾರೆ.

ಅಬಾಟ್ ಕಂಪೆನಿಯ ಫ್ರೀಸ್ಟೈಲ್ ಲಿಬ್ರೆ ವೈದ್ಯರ ಬಳಕೆಯ ‘ಪ್ರೊ’ ರೂಪದಲ್ಲಿ ಭಾರತಕ್ಕೆ ಬಂದದ್ದು 2015ರಲ್ಲಿ. ಜನರೇ ಕೊಂಡು ಬಳಸುವ ಮಾದರಿ ಆನಂತರ ಬಂತು. ಅದರ ಮೊದಲ ತಲೆಮಾರಿನ ಸೆನ್ಸರಿನಲ್ಲಿ ಎಚ್ಚರಿಕೆ ಗಂಟೆ ಇರಲಿಲ್ಲ. ಈ ಮಕ್ಕಳಿಗೆ ಅತಿ ಮುಖ್ಯವಾದದ್ದೇ ಗಂಟೆ. ಕೊಳ್ಳುವ ಮುನ್ನ ಮಾದರಿಯಲ್ಲಿ ಅದಿದೆಯೇ ಎಂದು ಕೇಳಿಕೊಳ್ಳಬೇಕು.

ಖರ್ಚಿನ ಲೆಕ್ಕ

ಮೀಟರು ಒಮ್ಮೆ ಕೊಂಡರಾಯಿತು. ಮನೆ ಹಾಳು ಮಾಡುವುದು ಸ್ಟ್ರಿಪ್. ಬ್ರಾಂಡಿನ ಮೇಲೆ ಒಂದಕ್ಕೆ 15ರಿಂದ 30 ರೂಪಾಯಿ. ನಡುವಿನ 20 ರೂಪಾಯಿ ಹಿಡಿದು ದಿನಕ್ಕೆ ಎಂಟು ಬಾರಿ ನೋಡಿದರೆ 160 ರೂಪಾಯಿ, ತಿಂಗಳಿಗೆ 4,800, ವರ್ಷಕ್ಕೆ 58 ಸಾವಿರ ದಾಟುತ್ತದೆ. ಹದಿನಾಲ್ಕು ದಿನ ಬರುವ ಸೆನ್ಸರ್ ವರ್ಷಕ್ಕೆ 26 ಬೇಕು. ಒಂದಕ್ಕೆ ಸುಮಾರು 5 ಸಾವಿರವೆಂದರೂ 1 ಲಕ್ಷ 30 ಸಾವಿರ. ಚಿಕ್ಕ ಮಕ್ಕಳ ಕೈಯಲ್ಲಿ ಸೆನ್ಸರ್ ಅವಧಿಗೆ ಮುನ್ನವೇ ಕಿತ್ತು ಬರುವುದೂ ಉಂಟು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕೂಲಿ ಮಾಡುವ ಮನೆಗೆ ಇದು ಆಗುವ ಮಾತಲ್ಲ. ಆದ್ದರಿಂದ ಎಂಟು ಬಾರಿಯ ಪರೀಕ್ಷೆ ನಾಲ್ಕಾಗುತ್ತದೆ, ನಾಲ್ಕು ಎರಡಾಗುತ್ತದೆ, ಕೊನೆಗೆ ‘ಮಗು ಸಪ್ಪಗಿದ್ದರೆ ನೋಡೋಣ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಸರಕಾರ ಏನೂ ಮಾಡಿಲ್ಲ ಎನ್ನಲಾಗದು. ಕೋವಿಡ್ ಕಾಲದಲ್ಲಿ, 2021ರ ಜುಲೈನಲ್ಲಿ, ಕೇಂದ್ರದ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಗ್ಲುಕೋಮೀಟರ್ ಸೇರಿದಂತೆ ಐದು ಸಲಕರಣೆಗಳ ಮಾರಾಟದ ಲಾಭಕ್ಕೆ ಶೇಕಡ 70ರ ಮಿತಿ ಹಾಕಿತು. 2025ರ ಸೆಪ್ಟೆಂಬರ್ 22ರಿಂದ ಗ್ಲುಕೋಮೀಟರ್ ಮತ್ತು ಸ್ಟ್ರಿಪ್‌ಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಮೇಲಿನ ಲೆಕ್ಕದಲ್ಲಿ ಅದು ತಿಂಗಳಿಗೆ ಉಳಿಸುವುದು ಸುಮಾರು ಮುನ್ನೂರು ರೂಪಾಯಿ.

ಯೋಜನೆಗಳ ಬಾಗಿಲಲ್ಲಿ

ಒಂದು ವಿಚಿತ್ರ ಗಮನಿಸಿ. ಊರಿನ ಆರೋಗ್ಯ ಉಪಕೇಂದ್ರಗಳಿಗೆ ಗ್ಲುಕೋಮೀಟರ್ ತಲುಪಿದೆ. ಆದರೆ ಅದು ಬಂದಿರುವುದು 30 ವರ್ಷ ದಾಟಿದವರ ಮಧುಮೇಹ ತಪಾಸಣೆಗೆ. ಅದೇ ಊರಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗಿ ಮಗುವಿನ ತೂಕ ನೋಡುತ್ತಾಳೆ, ಉಷ್ಣತೆ ನೋಡುತ್ತಾಳೆ, ಉಸಿರು ಎಣಿಸುತ್ತಾಳೆ. ಸಕ್ಕರೆ ನೋಡುವುದು ಆಕೆಯ ಕೆಲಸದ ಪಟ್ಟಿಯಲ್ಲಿಲ್ಲ. ಮೈ ತಣ್ಣಗಾಗಿ ಹಾಲು ಬಿಟ್ಟ ಮಗುವನ್ನು ಆಕೆ ಆಸ್ಪತ್ರೆಗೆ ಕಳಿಸುತ್ತಾಳೆ, ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ಆದರೆ ಕೂಗಳತೆಯ ದೂರದಲ್ಲಿರುವ ಯಂತ್ರದಿಂದ ಒಂದು ಹನಿ ರಕ್ತ ನೋಡಿ ಕಳಿಸುವ ವ್ಯವಸ್ಥೆಗೆ ಹೊಸ ಖರ್ಚು ಹೆಚ್ಚೇನೂ ಬೇಕಿಲ್ಲ ಎಂಬುದು ಈ ವರದಿಗಾರನ ಅನಿಸಿಕೆ.

ಮಕ್ಕಳ ಮಧುಮೇಹಕ್ಕೆ ಈಗ ಹಲವು ಕಡೆ ನೆರವಿದೆ. ನೆರೆಯ ಕೇರಳದಲ್ಲಿ ‘ಮಿಠಾಯಿ’ ಎಂಬ ಯೋಜನೆ ಒಂದನೇ ವಿಧದ ಮಧುಮೇಹದ ಮಕ್ಕಳಿಗೆ ಇನ್ಸುಲಿನ್ ಪೆನ್, ಸೆನ್ಸರ್, ಪಂಪುಗಳನ್ನೂ ಒದಗಿಸುತ್ತದೆ. ಸಿಬಿಎಸ್‌ಇ 2017ರಲ್ಲಿ ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ತಿನಿಸು ಒಯ್ಯಲು ಅನುಮತಿ ನೀಡಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಶಾಲೆಗಳಲ್ಲಿ ಇವರಿಗೆ ಸಕ್ಕರೆ ಪರೀಕ್ಷಿಸಿಕೊಳ್ಳಲು ಅವಕಾಶ ಕೊಡುವಂತೆ ರಾಜ್ಯಗಳಿಗೆ ಬರೆಯಿತು. ಎಲ್ಲವೂ ಶ್ಲಾಘನೀಯ. ಎಲ್ಲದರಲ್ಲೂ ಬರೆದಿರುವುದು ‘ಒಂದನೇ ವಿಧದ ಮಧುಮೇಹ’ ಎಂದು. ತಿನಿಸು ಸಿಗದಿದ್ದರೆ ಅವರಿಗಿಂತ ಬೇಗ ಕುಸಿಯಬಹುದಾದ ಗ್ಲೈಕೋಜನ್ ಕಾಯಿಲೆಯ ಮಗುವಿನ ತಂದೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ಸುತ್ತೋಲೆ ತೋರಿಸಿ ಪ್ರಯೋಜನವಿಲ್ಲ; ಅವರ ದಯೆಯನ್ನೇ ನೆಚ್ಚಬೇಕು.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ನೆರವಿನ ಮಿತಿ 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿತು. ಗ್ಲೈಕೋಜನ್ ಶೇಖರಣೆಯ ಕಾಯಿಲೆಗಳಲ್ಲಿ ಕೆಲವು ಅದರಲ್ಲಿವೆ, ಮುಂದೆ 63ಕ್ಕೆ ಬೆಳೆದ ಪಟ್ಟಿಯಲ್ಲಿ ಹುಟ್ಟಿನಿಂದ ಇನ್ಸುಲಿನ್ ಅತಿಯಾಗುವ ಕಾಯಿಲೆಯೂ ಸೇರಿದೆ. ರಾಜ್ಯದ ಮಟ್ಟಿಗೆ ಸಂತೋಷದ ಸಂಗತಿಯೆಂದರೆ, ನೀತಿಯಲ್ಲಿ ಮೊದಲು ಗುರುತಿಸಿದ ಎಂಟು ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳ ಜೋಡಿಯೂ ಒಂದು. ನೆರವಿನ ಹಣ ರೋಗಿಯ ಕೈಗೆ ಬರುವುದಿಲ್ಲ, ಈ ಕೇಂದ್ರಗಳ ಮೂಲಕವೇ ಖರ್ಚಾಗುತ್ತದೆ. ಆದರೆ ಗ್ಲೈಕೋಜನ್ ಕಾಯಿಲೆಗಳು ಅಲ್ಲಿ ಬಂದಿರುವುದು ಯಕೃತ್ತಿನ ಕಸಿಯ ಸಂದರ್ಭದಲ್ಲಿ. ಕಸಿಗೆ ಲಕ್ಷಗಟ್ಟಲೆ ಇದೆ. ಕಸಿಯ ಹಂತಕ್ಕೆ ಹೋಗದಂತೆ ತಡೆಯಬಲ್ಲ ದಿನದ ಎಂಟು ಸ್ಟ್ರಿಪ್‌ಗಳಿಗೆ ಪ್ರತ್ಯೇಕ ಸಾಲಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಗೆ. ಮನೆಯಲ್ಲಿ ನಿತ್ಯ ಖರ್ಚಾಗುವ ವಸ್ತು ಅದರ ವ್ಯಾಪ್ತಿಗೆ ಬರುವುದು ಕಷ್ಟ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಸಕ್ಕರೆ ಕುಸಿಯುವ ಕಾಯಿಲೆ ಅವುಗಳಲ್ಲಿಲ್ಲ. ಸಕ್ಕರೆ ಕುಸಿದು ಮಿದುಳಿಗೆ ಪೆಟ್ಟಾಗಿ ಮಗು ಬೌದ್ಧಿಕ ವೈಕಲ್ಯಕ್ಕೋ ಸೆರೆಬ್ರಲ್ ಪಾಲ್ಸಿಗೋ ತುತ್ತಾದರೆ ಆಗ ಪ್ರಮಾಣಪತ್ರ ಸಿಗುತ್ತದೆ, ಮಾಸಾಶನವೂ ಸಿಗಬಹುದು. ಪೆಟ್ಟಾಗದಂತೆ ಕಾಯುವುದಕ್ಕೆ ಮಾತ್ರ ನೆರವಿಲ್ಲ.

ಹೊರದೇಶಗಳಲ್ಲೂ ಇದೇ ಪಾಡು

ಈ ತಾರತಮ್ಯ ನಮ್ಮದೊಂದೇ ದೇಶದ್ದಲ್ಲ. ಇಂಗ್ಲೆಂಡಿನಲ್ಲಿ 2022ರಿಂದ ಒಂದನೇ ವಿಧದ ಮಧುಮೇಹದ ಎಲ್ಲ ಮಕ್ಕಳಿಗೂ ಸೆನ್ಸರ್ ನೀಡಬೇಕೆಂದು ಅಲ್ಲಿಯ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ ಹೇಳಿದೆ. ಆ ಮಾತು ಮಧುಮೇಹದ ಮಕ್ಕಳ ಬಗ್ಗೆ ಮಾತ್ರ. ಅಮೆರಿಕದ ಮೆಡಿಕೇರ್ ವಿಮೆ 2023ರ ಏಪ್ರಿಲ್‌ನಲ್ಲಿ, ಇನ್ಸುಲಿನ್ ತೆಗೆದುಕೊಳ್ಳದವರಿಗೂ ಸಕ್ಕರೆ ಅಪಾಯಕಾರಿಯಾಗಿ ಕುಸಿದ ಇತಿಹಾಸವಿದ್ದರೆ ಸೆನ್ಸರ್ ನೀಡಲು ಒಪ್ಪಿತು. ಕೇಳಲು ಚೆಂದ, ಆದರೆ ಅದಕ್ಕೂ ಮೊದಲ ಷರತ್ತು ಮಧುಮೇಹ ಇರಬೇಕೆಂಬುದು. ತಯಾರಕರು ಅನುಮತಿ ಪಡೆದಿರುವುದೇ ಮಧುಮೇಹಕ್ಕೆ, ವಿಮೆಯವರು ನೋಡುವುದು ಅನುಮತಿಯ ಕಾಗದವನ್ನು. ಅಪರೂಪದ ಕಾಯಿಲೆಯಲ್ಲಿ ದೊಡ್ಡ ಪ್ರಯೋಗ ನಡೆಸಲು ಬೇಕಾದಷ್ಟು ಮಕ್ಕಳು ಒಂದೆಡೆ ಸಿಗುವುದಿಲ್ಲ, ಪ್ರಯೋಗವಿಲ್ಲದೆ ಅನುಮತಿ ಇಲ್ಲ.

ಪೋಷಕರು ತಿಳಿದಿರಬೇಕಾದದ್ದು

ಕಾರಣ ತಿಳಿಯದೆ ಸಕ್ಕರೆ ಕುಸಿದ ಮಗುವನ್ನು ಆಸ್ಪತ್ರೆಗೆ ತಂದಾಗ, ಡ್ರಿಪ್ ಹಾಕುವ ಮುನ್ನ ಅದೇ ಕ್ಷಣದ ರಕ್ತವನ್ನು ಇನ್ಸುಲಿನ್, ಕೀಟೋನ್, ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಪರೀಕ್ಷೆಗೆ ತೆಗೆದಿಟ್ಟರೆ ಕಾಯಿಲೆಯ ಮೂಲ ಬಹುತೇಕ ಗೊತ್ತಾಗುತ್ತದೆ. ಗ್ಲುಕೋಸ್ ಹರಿದು ಸಕ್ಕರೆ ಸರಿಹೋದ ಮೇಲೆ ಆ ಅವಕಾಶ ಕೈತಪ್ಪುತ್ತದೆ. ಹಾಗೆಂದು ರಕ್ತ ತೆಗೆಯುವ ನೆಪದಲ್ಲಿ ಚಿಕಿತ್ಸೆ ತಡವಾಗಬಾರದು. ಈಗಾಗಲೇ ಕಾಯಿಲೆ ಗೊತ್ತಿರುವ ಮಗುವಿಗೆ, ಸಕ್ಕರೆ ಕುಸಿದರೆ ಏನು ಮಾಡಬೇಕೆಂದು ತಜ್ಞರಿಂದ ಬರೆಸಿಕೊಂಡ ಒಂದು ಹಾಳೆ ಚೀಲದಲ್ಲಿರಲಿ. ರಾತ್ರಿ ಎರಡು ಗಂಟೆಗೆ ತಾಲೂಕು ಆಸ್ಪತ್ರೆಯ ಕರ್ತವ್ಯದ ವೈದ್ಯರಿಗೆ ಈ ಕಾಯಿಲೆಯ ಹೆಸರು ಹೊಸತಾಗಿರಬಹುದು.

ಮನೆಯಲ್ಲಿ ಅಳೆಯುವಾಗ ಕೈ ತೊಳೆದು ಒರೆಸಬೇಕು. ಬಾಳೆಹಣ್ಣು ತಿಂದ ಬೆರಳಿನಿಂದ ತೆಗೆದ ರಕ್ತ ಇಲ್ಲದ ಸಕ್ಕರೆ ತೋರಿಸುತ್ತದೆ. ಹಸುಗೂಸಿಗೆ ಹಿಮ್ಮಡಿಯ ಪಕ್ಕದಲ್ಲಿ ಚುಚ್ಚಬೇಕು, ನಡುವೆ ಅಲ್ಲ. ಬಹುತೇಕ ಸ್ಟ್ರಿಪ್‌ಗಳನ್ನು 30 ಡಿಗ್ರಿ ಉಷ್ಣತೆಯ ಒಳಗೆ ಇಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಅದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. ಮಣ್ಣಿನ ಮಡಕೆಯ ಪಕ್ಕದ ತಂಪಾದ ಜಾಗದಲ್ಲಿ, ನೀರು ತಾಕದಂತೆ ಇಟ್ಟರೂ ಆದೀತು. ಕರಾವಳಿಯ ಮಳೆಗಾಲದಲ್ಲಿ ತೇವ ಶತ್ರು: ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಬಿಗಿಯಬೇಕು, ನಾಲ್ಕಾರು ಸ್ಟ್ರಿಪ್‌ಗಳನ್ನು ಕಾಗದದಲ್ಲಿ ಸುತ್ತಿ ಅಜ್ಜಿ ಮನೆಗೆ ಕಳಿಸಬಾರದು.

ಸಕ್ಕರೆ ಕಡಿಮೆ ಬಂದು ಮಗು ಎಚ್ಚರದಲ್ಲಿದ್ದರೆ ಔಷಧ ಅಂಗಡಿಯಲ್ಲಿ ಸಿಗುವ ಬರಿಯ ಗ್ಲುಕೋಸ್ ಪುಡಿ ಕದಡಿ ಕೊಡುವುದು ಎಲ್ಲಕ್ಕಿಂತ ಸುರಕ್ಷಿತ. ಮನೆಯ ಸಕ್ಕರೆ, ಬೆಲ್ಲ, ಹಣ್ಣಿನ ರಸ ಕೆಲವು ಕಾಯಿಲೆಗಳಲ್ಲಿ ಒಗ್ಗುವುದಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಬೇಡ. ಎಚ್ಚರ ತಪ್ಪಿದ, ಫಿಟ್ಸ್ ಬಂದಿರುವ ಮಗುವಿನ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಬಂದ ಸಿಬ್ಬಂದಿಗೆ ಮೊದಲು ಹೇಳಬೇಕಾದ ಮಾತು ‘ಈ ಮಗುವಿಗೆ ಸಕ್ಕರೆ ಕಡಿಮೆಯಾಗುವ ಕಾಯಿಲೆ ಇದೆ’ ಎಂಬುದು. ಬರಿಯ ‘ಸಕ್ಕರೆ ಕಾಯಿಲೆ’ ಎಂದರೆ ಅವರು ಮಧುಮೇಹವೆಂದೇ ತಿಳಿದಾರು.